ಬಲೂನ್ ಇಲ್ಲ ಕಣ್ರೀ, ಪುಸ್ತಕದಲ್ಲೇ ಇಲ್ಲ

ಪ್ರಶ್ನೆ ಇದು: "ಮೇಡಂ, ಬೇಸಿಗೆ ಶಿಬಿರದಲ್ಲಿ ಮಕ್ಕಳ ಕೈಲಿ 'ಅರೌಂಡ್ ದ ವರ್ಲ್ಡ್ ಇನ್ ಏಯ್ಟಿ ಡೇಸ್' ನಾಟಕ ಮಾಡ್ಸಿದ್ರಲ್ಲ, ಬಲೂನ್ ಯಾಕೆ ತೆಗೆದ್ಬಿಟ್ರಿ?"

ಉತ್ತರ: ನಾನು ತೆಗೀಲಿಲ್ಲ. ಜೂಲ್ಸ್ ವರ್ನ್ ಬರೆದ ಕಾದಂಬರಿಲಿ ಬಲೂನ್ ಪ್ರಯಾಣನೇ ಇಲ್ಲ. ಇಷ್ಟು ಸಾಕು ಅನ್ನೋರು ಇಲ್ಲಿಗೆ ನಿಲ್ಲಿಸಬಹುದು, ನಮಸ್ಕಾರ. ಇದನ್ನ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಮದುವೆ ಮನೆ ಊಟದ ಪಂಕ್ತಿಲಿ ಕೂಡ ಹೇಳಿದೀನಿ, ಒಂದು ಕೈಲಿ ಹಪ್ಪಳ ಹಿಡ್ಕೊಂಡು.

ನಂಗೆ ಉರಿಯೋದು ಕೇಳೋ ಧಾಟಿಗೆ. "ಬಲೂನ್ ಇದೆಯಾ?" ಅಂತ ಯಾರೂ ಕೇಳಲ್ಲ, "ಯಾಕೆ ತೆಗೆದ್ರಿ" ಅಂತಾನೇ ಕೇಳೋದು, ಏನೋ ನಾನು ಮಕ್ಕಳ ಬಾಯಿಂದ ಜಾಮೂನು ಕಿತ್ಕೊಂಡೆ ಅನ್ನೋ ಥರ. ನಾಟಕ ಮುಗಿದು ನಾನು ಸ್ಟೇಜ್ ಹಿಂದೆ ಟೋಪಿ, ಅಂಟಿಸೋ ಮೀಸೆ ಎಲ್ಲ ಲೆಕ್ಕ ಮಾಡಿ ರಟ್ಟಿನ ಡಬ್ಬಕ್ಕೆ ತುಂಬ್ತಾ ಇದ್ದೆ, ಒಬ್ಬ ಅಪ್ಪ ಬಂದ್ರು. ತುಂಬಾ ಒಳ್ಳೆ ಮನುಷ್ಯ, ಅದೇ ತೊಂದ್ರೆ. ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡ್ಕೊಂಡು ದನಿ ತಗ್ಗಿಸಿ, "ಬಜೆಟ್ ಪ್ರಾಬ್ಲಮ್ಮಾ ಮೇಡಂ? ಒಂದು ಮಾತು ಹೇಳಿದ್ರೆ ಪೇರೆಂಟ್ಸ್ ಎಲ್ಲ ಸೇರಿ ಹಾಕ್ತಿದ್ವಲ್ಲ, ನಮ್ಮ ಗೋಡೌನ್‌ನಲ್ಲಿ ಹಳೇ ಟಾರ್ಪಾಲ್ ಬೇಕಾದಷ್ಟು ಬಿದ್ದಿದೆ" ಅಂದ್ರು. ಪುಸ್ತಕದಲ್ಲೇ ಇಲ್ಲ ಸಾರ್ ಅಂದೆ. ಅವರು ಮೊಬೈಲ್ ತೆಗೆದು ಗೂಗಲ್ ಮಾಡಿ ಒಂದು ಪುಸ್ತಕದ ಕವರ್ ತೋರಿಸಿದ್ರು, ಅದರ ಮೇಲೆ ಊದಿಕೊಂಡಿರೋ ಬಲೂನು, ಕೆಳಗೆ ಬುಟ್ಟಿ, ಬುಟ್ಟಿಲಿ ಇಬ್ರು. "ಇದೇ ಅಲ್ವಾ ಮೇಡಂ?" ನಾನು ಏನು ಹೇಳ್ಲಿ. ಕವರ್ ಇತ್ತು, ಬಲೂನ್ ಇತ್ತು, ನನ್ನ ಹತ್ರ ಇದ್ದಿದ್ದು ಬರೀ ಬಾಯಿ.

ಸರಿ, ಒಂದೇ ಸಲ ಬರೆದಿಡ್ತೀನಿ. ಕಥೆ ಗೊತ್ತಿಲ್ಲದೋರಿಗೆ: ಫಿಲಿಯಾಸ್ ಫಾಗ್ ಅಂತ ಲಂಡನ್ನಿನ ಒಬ್ಬ ಶ್ರೀಮಂತ, ಗಡಿಯಾರದ ಮುಳ್ಳಿನ ಪ್ರಕಾರ ಬದುಕೋನು, ರಿಫಾರ್ಮ್ ಕ್ಲಬ್ಬಲ್ಲಿ ಇಸ್ಪೀಟ್ ಆಡ್ತಾ ಎಂಬತ್ತು ದಿನದಲ್ಲಿ ಭೂಮಿ ಸುತ್ತಿ ಬರ್ತೀನಿ ಅಂತ 20,000 ಪೌಂಡ್ ಬೆಟ್ ಕಟ್ತಾನೆ. 1872ರ ಅಕ್ಟೋಬರ್ 2ರ ರಾತ್ರಿ 8.45ಕ್ಕೆ ಹೊರಡೋದು, ಡಿಸೆಂಬರ್ 21ರ ರಾತ್ರಿ 8.45ಕ್ಕೆ ಅದೇ ಕ್ಲಬ್ಬಿಗೆ ವಾಪಸ್. ಜೊತೆಗೆ ಪಾಸ್‌ಪಾರ್ಟೂ ಅನ್ನೋ ಫ್ರೆಂಚ್ ಆಳು, ಬೆನ್ನ ಹಿಂದೆ ಇವನೇ ಬ್ಯಾಂಕ್ ಕಳ್ಳ ಅಂತ ಅಂದ್ಕೊಂಡಿರೋ ಪತ್ತೇದಾರ ಫಿಕ್ಸ್. ಹೋಗೋದೆಲ್ಲ ರೈಲು, ಹಡಗು. ಇಡೀ ಲೆಕ್ಕ ಟೈಮ್‌ಟೇಬಲ್ ಲೆಕ್ಕ: ಲಂಡನ್ನಿಂದ ಸೂಯೆಜ್ 7 ದಿನ, ಅಲ್ಲಿಂದ ಬಾಂಬೆ 13, ಬಾಂಬೆಯಿಂದ ಕಲ್ಕತ್ತಾ 3, ಹಾಂಗ್‌ಕಾಂಗ್ 13, ಯೊಕೊಹಾಮಾ 6, ಸ್ಯಾನ್ ಫ್ರಾನ್ಸಿಸ್ಕೊ 22, ನ್ಯೂಯಾರ್ಕ್ 7, ಲಂಡನ್ 9. ಕೂಡಿ ನೋಡಿ. ಗಾಳಿ ಬೀಸಿದ ಕಡೆ ಹೋಗೋ ಬಲೂನಿಗೆ ಇದ್ರಲ್ಲಿ ಜಾಗ ಎಲ್ಲಿದೆ? ನ್ಯೂಯಾರ್ಕಲ್ಲಿ ಹಡಗು ತಪ್ಪಿಹೋದಾಗ ವರ್ನ್ ಒಂದೇ ಒಂದು ಸಲ ಬಲೂನ್ ಹೆಸರು ಎತ್ತುತ್ತಾನೆ, ಅದೂ ಬಲೂನಲ್ಲಿ ಅಟ್ಲಾಂಟಿಕ್ ದಾಟೋದು ಅಪಾಯ, ಅಲ್ಲದೆ ಆಗೋ ಕೆಲಸಾನೂ ಅಲ್ಲ ಅನ್ನೋ ಅರ್ಥದಲ್ಲಿ, ಅಷ್ಟೇ, ಮುಂದಿನ ವಾಕ್ಯಕ್ಕೆ ಹೋಗಿಬಿಡ್ತಾನೆ.

ಹಾಗಾದ್ರೆ ಬಂದಿದ್ದೆಲ್ಲಿಂದ? ಸ್ವಲ್ಪ ಪಾಲು ವರ್ನ್‌ದೇ, ಅವನ ಮೊದಲ ಹಿಟ್ ಕಾದಂಬರಿ 1863ರದ್ದು, ಆಫ್ರಿಕಾ ಮೇಲೆ ಐದು ವಾರ ಬಲೂನಲ್ಲಿ ಹಾರೋ ಕಥೆ, ಜನರ ತಲೇಲಿ ಎರಡೂ ಕಲಸಿಹೋಗಿದೆ. ಆದ್ರೆ ಮುಖ್ಯ ಅಪರಾಧಿ 1956ರ ಹಾಲಿವುಡ್ ಸಿನಿಮಾ. ಮೈಕ್ ಟಾಡ್ ಅನ್ನೋ ನಿರ್ಮಾಪಕ, ದೊಡ್ಡ ಪರದೆಗೆ ಅಂತಾನೇ ಟಾಡ್-ಎಓ ಅನ್ನೋ ಹೊಸ ಪದ್ಧತಿ ಇಟ್ಕೊಂಡಿದ್ದ, ದೊಡ್ಡ ಪರದೆ ಇದ್ಮೇಲೆ ಆಕಾಶದಿಂದ ನೋಡ್ದೆ ಬಿಡೋಕಾಗುತ್ತಾ? ಫಾಗ್ ಆಗಿದ್ದ ಡೇವಿಡ್ ನಿವೆನ್, ಪಾಸ್‌ಪಾರ್ಟೂ ಆಗಿದ್ದ ಮೆಕ್ಸಿಕೋದ ಕಾಮಿಡಿ ಸ್ಟಾರ್ ಕ್ಯಾಂಟಿನ್‌ಫ್ಲಾಸ್ ಇಬ್ರನ್ನೂ ಪ್ಯಾರಿಸ್‌ನಿಂದ ಬಲೂನ್ ಹತ್ತಿಸಿದ. ಆಲ್ಪ್ಸ್ ಬೆಟ್ಟದ ತುದಿ ಪಕ್ಕದಲ್ಲೇ ಹೋಗುವಾಗ ಕೈ ಚಾಚಿ ಹಿಮ ಬಾಚ್ಕೊಂಡು ಶಾಂಪೇನ್ ತಣ್ಣಗೆ ಮಾಡ್ಕೊಳ್ತಾರೆ. ಚೆನ್ನಾಗಿದೆ, ನಂಗೂ ಇಷ್ಟ ಆ ಸೀನು. ಆ ಸಿನಿಮಾಗೆ ಅತ್ಯುತ್ತಮ ಚಿತ್ರ ಸೇರಿ ಐದು ಆಸ್ಕರ್ ಬಂತು. ಆಮೇಲೆ ಬಂದೋರೆಲ್ಲ, 1989ರ ಪಿಯರ್ಸ್ ಬ್ರಾಸ್ನನ್ ಟಿವಿ ಸೀರೀಸು, ನಿಮ್ಮ ಮಕ್ಕಳು ನೋಡಿರೋ 2004ರ ಜಾಕಿ ಚಾನ್ ಸಿನಿಮಾ, 2021ರ ಡೇವಿಡ್ ಟೆನೆಂಟ್ ಸೀರೀಸು, ಯಾರೂ ಬಲೂನ್ ಬಿಡೋ ಧೈರ್ಯ ಮಾಡ್ಲಿಲ್ಲ. ಕವರ್ ಡಿಸೈನ್ ಮಾಡೋರೂ ಅದೇ ದಾರಿ ಹಿಡಿದ್ರು.

ತಮಾಷೆ ಏನಂದ್ರೆ ಪುಸ್ತಕದಲ್ಲಿ ನಿಜವಾಗ್ಲೂ ಒಂದು ವಿಚಿತ್ರ ಗಾಡಿ ಇದೆ, ಅಮೆರಿಕಾದ ನೆಬ್ರಾಸ್ಕಾದಲ್ಲಿ ರೈಲು ತಪ್ಪಿದಾಗ ಹಾಯಿ ಕಟ್ಟಿದ ಹಿಮಬಂಡಿ, ಹಡಗಿನ ಥರ ಗಾಳಿ ತುಂಬ್ಕೊಂಡು ಹಿಮದ ಮೇಲೆ ಜಾರುತ್ತೆ, ಸುಮಾರು 200 ಮೈಲಿ ದೂರದ ಒಮಾಹಾಗೆ ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಮುಟ್ಟಿಸುತ್ತೆ. ನಮ್ಮ ನಾಟಕದಲ್ಲಿ ಅದಿತ್ತು. ಬೆಡ್‌ಶೀಟು, ಎರಡು ಬಿದಿರು, ಸೈಡ್ ವಿಂಗಿಂದ ಪೆಡೆಸ್ಟಲ್ ಫ್ಯಾನ್. ಅದರ ಬಗ್ಗೆ ಒಬ್ರೂ ಕೇಳ್ಲಿಲ್ಲ.

ಈಗ ನೀವು "ಓ ಇವಳು ಮೂಲಕೃತಿ ಮೂಲಕೃತಿ ಅಂತ ಬಡ್ಕೊಳ್ಳೋ ಗಿರಾಕಿ" ಅಂತ ತೀರ್ಮಾನ ಮಾಡಿರ್ತೀರ. ಅಲ್ಲ. ಮೂಲವನ್ನ ಮೊದಲು ಕೆಡಿಸಿದೋನು ವರ್ನೇ. ಕಾದಂಬರಿ 1872ರ ನವೆಂಬರ್ 6ರಿಂದ ಡಿಸೆಂಬರ್ 22ರವರೆಗೆ ಪ್ಯಾರಿಸ್ಸಿನ ಲ ತಾಂ ಪತ್ರಿಕೇಲಿ ಧಾರಾವಾಹಿಯಾಗಿ ಬಂತು, ಅಂದ್ರೆ ಫಾಗ್ ಲಂಡನ್ ಮುಟ್ಟೋ ತಾರೀಖಿಗೇ ಓದುಗರೂ ಕೊನೆ ಮುಟ್ಟೋ ಹಾಗೆ. ಎರಡೇ ವರ್ಷಕ್ಕೆ, 1874ರ ನವೆಂಬರ್ 7ಕ್ಕೆ, ವರ್ನ್ ಮತ್ತೆ ಅಡಾಲ್ಫ್ ದೆನ್ನೆರಿ ಅನ್ನೋ ಪಳಗಿದ ನಾಟಕಕಾರ ಸೇರಿ ಅದನ್ನ ಪೋರ್ಟ್ ಸೇಂಟ್ ಮಾರ್ಟಿನ್ ಥಿಯೇಟರಿನ ಸ್ಟೇಜಿಗೆ ತಂದ್ರು. ಪುಸ್ತಕದಲ್ಲಿಲ್ಲದ ಹಾವುಗಳ ಗುಹೆ ಬಂತು, ಪುಸ್ತಕದಲ್ಲಿಲ್ಲದ ಅಮೆರಿಕನ್ ಒಬ್ಬ ಬಂದ, ನಾಯಕಿಗೆ ಎಲ್ಲಿಂದಲೋ ಒಬ್ಬಳು ತಂಗಿ ಹುಟ್ಟಿಕೊಂಡ್ಲು, ಸ್ಟೇಜ್ ಮೇಲೆ ಜೀವಂತ ಆನೆ ನಡೀತು. ಮೊದಲನೇ ಸುತ್ತಲ್ಲೇ ನಾನೂರಕ್ಕೂ ಹೆಚ್ಚು ಪ್ರದರ್ಶನ, ಆಮೇಲೆ ಶಾಟ್ಲೆ ಥಿಯೇಟರಲ್ಲಿ 1940ರವರೆಗೂ ಮತ್ತೆ ಮತ್ತೆ ಆಡಿದ್ರು. ಕಾದಂಬರಿಗಿಂತ ನಾಟಕದಲ್ಲೇ ಅವನಿಗೆ ಹೆಚ್ಚು ದುಡ್ಡು ಬಂತು. ಜನಕ್ಕೆ ಜಾತ್ರೆ ಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ರೆ ಜಾತ್ರೆ ಮಾಡಿದೋರೆಲ್ಲ ಗೆಲ್ಲಲ್ಲ ಅನ್ನಿ, 1946ರಲ್ಲಿ ಆರ್ಸನ್ ವೆಲ್ಸ್ ಅನ್ನೋ ನಿರ್ದೇಶಕ ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ಕೋಲ್ ಪೋರ್ಟರ್ ಅನ್ನೋ ಸಂಗೀತಗಾರನ ಹಾಡು ಹಾಕಿ ಸರ್ಕಸ್ಸೂ ಸೇರಿಸಿ ಇದನ್ನ ಮಾಡ್ದ, 75 ಶೋಗೆ ಮುಚ್ಚಿತು. ಆ ನಾಟಕಕ್ಕೆ ದುಡ್ಡು ಹಾಕ್ತೀನಿ ಅಂತ ಶುರು ಮಾಡಿ ನಡುವೆ ಕೈ ಎತ್ತಿದೋನು ಯಾರು ಗೊತ್ತಾ, ಇದೇ ಮೈಕ್ ಟಾಡ್.

ಹಾಗಾಗಿ ಬಲೂನ್ ಸೇರಿಸಿದ್ದಕ್ಕೆ ನಂಗೆ ಸಿಟ್ಟಿಲ್ಲ. ಬಲೂನ್ ಒಂದನ್ನೇ ಕೇಳ್ತೀರಲ್ಲ ಅಂತ ಸಿಟ್ಟು. ಕೇಳೋಕೆ ಎಷ್ಟಿದೆ! ಇಂಡಿಯಾ ಭಾಗದಲ್ಲಿ ಖೋಲ್ಬಿ ಅನ್ನೋ ಹಳ್ಳಿ ಹತ್ರ ರೈಲು ನಿಂತುಬಿಡುತ್ತೆ, ಮುಂದೆ ಅಲಹಾಬಾದ್‌ವರೆಗೆ 50 ಮೈಲಿ ಹಳಿನೇ ಹಾಕಿಲ್ಲ ಅಂತಾನೆ ಗಾರ್ಡು, ಅದಕ್ಕೇ ಫಾಗ್ 2,000 ಪೌಂಡ್ ಕೊಟ್ಟು ಆನೆ ತಗೊಳ್ಳೋದು. ನಿಜವಾಗಿ 1870ರ ಮಾರ್ಚಲ್ಲೇ ಜಬಲ್ಪುರದಲ್ಲಿ ಎರಡು ಕಂಪನಿ ಹಳಿ ಕೂಡಿಸಿ ಬಾಂಬೆ–ಕಲ್ಕತ್ತಾ ಲೈನ್ ಪೂರ್ತಿ ಆಗಿತ್ತು. ವರ್ನ್‌ಗೆ ಆನೆ ಬೇಕಿತ್ತು, ಹಳಿ ಕಿತ್ತ. ಇದನ್ನ ಕೇಳಿ. ಬಾಂಬೆ ಮಲಬಾರ್ ಹಿಲ್ ದೇವಸ್ಥಾನಕ್ಕೆ ಪಾಸ್‌ಪಾರ್ಟೂ ಶೂ ಹಾಕ್ಕೊಂಡು ನುಗ್ಗಿ ಪೂಜಾರಿಗಳ ಕೈಲಿ ಒದೆ ತಿಂದು ಬರಿಗಾಲಲ್ಲಿ ಓಡ್ತಾನೆ, ಆ ಶೂ ಕಲ್ಕತ್ತಾ ಕೋರ್ಟಲ್ಲಿ ಸಾಕ್ಷಿಯಾಗಿ ಮೇಜಿನ ಮೇಲೆ ಬಂದು ಕೂರುತ್ತೆ, ಜಾಮೀನಿಗೆ 2,000 ಪೌಂಡ್ ಹೋಗುತ್ತೆ, ಅಂದ್ರೆ ಒಂದೊಂದು ಕಾಲಿಗೆ ಸಾವಿರ, ಅದರ ಮೇಲೆ ಕಚ್ಚುತ್ತೆ ಬೇರೆ ಅಂತ ಅವನ ಗೊಣಗಾಟ. ಇದನ್ನಾದ್ರೂ ಕೇಳಿ!

ನಂಗೆ ಯಾರಾದ್ರೂ ಕೇಳ್ಲಿ ಅಂತ ಆಸೆ ಇರೋದು ಒಂದೇ: ಬೆಟ್ ಗೆದ್ದಿದ್ದು ಯಾರು?

ಪಾತ್ರ ಹಂಚುವಾಗ ಔದಾ ಪಾತ್ರ ಯಾವ ಹುಡುಗಿಗೂ ಬೇಡ. ಔದಾ ಅಂದ್ರೆ ಬಾಂಬೆಯ ಪಾರ್ಸಿ ವ್ಯಾಪಾರಿ ಮನೆತನದ ಹುಡುಗಿ, ಇಂಗ್ಲಿಷ್ ಓದಿದೋಳು, ಅಪ್ಪ ಅಮ್ಮ ಇಲ್ಲದೆ ಬುಂದೇಲಖಂಡದ ಒಬ್ಬ ಮುದಿ ರಾಜನಿಗೆ ಬಲವಂತದ ಮದುವೆ, ಮೂರು ತಿಂಗಳಿಗೆ ಅವನು ಸತ್ತ, ಇವಳನ್ನ ಗಾಂಜಾ ಅಫೀಮಿನ ಹೊಗೆ ಹಾಕಿ ಮತ್ತಲ್ಲೇ ಚಿತೆಗೆ ಹತ್ತಿಸ್ತಾ ಇರ್ತಾರೆ, ಫಾಗ್ ಗ್ಯಾಂಗ್ ಬಿಡಿಸ್ಕೊಂಡು ಬರುತ್ತೆ. "ಮಿಸ್, ಅವ್ಳು ಬರೀ ಮಲ್ಕೊಂಡಿರೋದಾ?" ಅಂತ ಕೇಳಿದ್ಲು ಒಬ್ಳು, ಸ್ಕ್ರಿಪ್ಟಲ್ಲಿ ತನ್ನ ಡೈಲಾಗಿಗೆಲ್ಲ ಪೆನ್ಸಿಲಲ್ಲಿ ಗೆರೆ ಎಳೆದುಕೊಂಡು ಬಂದು. ಮಗು ಹೇಳಿದ್ದರಲ್ಲಿ ತಪ್ಪಿರ್ಲಿಲ್ಲ, ಸಿನಿಮಾದೋರು ಮಾಡಿರೋದೂ ಹಂಗೇ. 1956ರಲ್ಲಿ ಅಮೆರಿಕದ ಶರ್ಲಿ ಮೆಕ್‌ಲೇನ್‌ಗೆ ಬಣ್ಣ ಬಳಿದು ಸೀರೆ ಉಡಿಸಿದ್ರು. 2004ರಲ್ಲಿ ಔದಾನೇ ಇಲ್ಲ, ಅವಳ ಜಾಗಕ್ಕೆ ಮೋನಿಕ್ ಅನ್ನೋ ಫ್ರೆಂಚ್ ಚಿತ್ರಕಾರ್ತಿ. 2021ರಲ್ಲಿ ಫಿಕ್ಸ್‌ನೇ ಹೆಣ್ಣಾಗಿ ಪತ್ರಕರ್ತೆ ಆದ್ಲು, ಪ್ರಪಂಚ ಸುತ್ತೋ ಜಾಗ ಅವಳಿಗೆ ಹೋಯ್ತು. ಸತಿ, ಬಿಳಿ ದೊರೆ ಬಂದು ಕಾಪಾಡೋದು, ಇದೆಲ್ಲ ಈಗಿನ ಕಾಲಕ್ಕೆ ಮುಜುಗರ, ಒಪ್ತೀನಿ. ನಂಗೂ ವರ್ನ್‌ನ ಇಂಡಿಯಾ ಓದುವಾಗ ಹಲ್ಲು ಕಡೀಬೇಕು ಅನ್ಸುತ್ತೆ, ಔದಾ ಚಂದ ಹೇಳೋಕೆ ಯುರೋಪಿನೋರಷ್ಟೇ ಬೆಳ್ಳಗೆ ಅಂತ ಬರೀತಾನೆ ಮಹಾರಾಯ. ಆದ್ರೆ ಮುಜುಗರ ಆಯ್ತು ಅಂತ ಅವಳನ್ನೇ ಮೂಲೆಗೆ ತಳ್ಳಿ ಅವಳ ಸೀಟಲ್ಲಿ ಬೇರೆಯೋರನ್ನ ಕೂರಿಸೋದು ಯಾವ ನ್ಯಾಯ?

ಪುಸ್ತಕದ ಔದಾ ಮಲ್ಕೊಂಡಿರೋದು ಒಂದೆರಡು ಅಧ್ಯಾಯ. ಅಮೆರಿಕದ ರೈಲಿನ ಮೇಲೆ ದಾಳಿ ಆದಾಗ ಒಡೆದ ಕಿಟಕಿ ಸಂದಿಯಿಂದ ರಿವಾಲ್ವರ್ ಹಾರಿಸ್ತಾಳೆ. ಫಾಗ್ ಆಡೋ ವಿಸ್ಟ್ ಅನ್ನೋ ಇಸ್ಪೀಟ್ ಆಟ ಆಡ್ತಾಳೆ. ಪಾಸ್‌ಪಾರ್ಟೂನ ಹುಡುಕಿಕೊಂಡು ಫಾಗ್ ಹೋದಾಗ ಹಿಮ ಬೀಳೋ ಸ್ಟೇಷನ್ನಲ್ಲಿ ರಾತ್ರಿಯೆಲ್ಲ ಕಾಯ್ತಾಳೆ. ಆಮೇಲೆ ಕೊನೆ. ಫಾಗ್ ಲಂಡನ್ ಮುಟ್ಟಿದಾಗ ಗಡಿಯಾರ 8.50 ತೋರಿಸುತ್ತೆ, ಐದು ನಿಮಿಷ ಲೇಟು, ಬೆಟ್ ಸೋತೆ ಅಂದ್ಕೊಂಡು ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಮಾರನೇ ದಿನವೆಲ್ಲ ಲೆಕ್ಕದ ಪುಸ್ತಕ ಬಿಡಿಸಿಕೊಂಡು ಕೂರ್ತಾನೆ. ಸಂಜೆ ಔದಾಳ ರೂಮಿಗೆ ಹೋಗಿ, ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದಕ್ಕೆ ಕ್ಷಮಿಸಿ, ನಾನೀಗ ದಿವಾಳಿ, ಉಳಿದಿರೋ ಸ್ವಲ್ಪ ನಿಮಗೇ ಇರ್ಲಿ ಅಂತಾನೆ. ಆಗ ಅವಳು ಎದ್ದು ನಿಂತು ಕೈ ಚಾಚಿ, ನನ್ನನ್ನ ಮದುವೆ ಆಗ್ತೀರಾ ಅಂತ ಕೇಳ್ತಾಳೆ. ಅವಳೇ ಕೇಳ್ತಾಳೆ! 1872ರಲ್ಲಿ! ಇಡೀ ಪುಸ್ತಕದಲ್ಲಿ ಮುಖದ ಒಂದು ನರ ಅಲ್ಲಾಡಿಸದ ಮನುಷ್ಯ, ಅವನ ತುಟಿ ನಡುಗುತ್ತೆ, ಕಣ್ಣು ಮುಚ್ಕೊಳ್ತಾನೆ.

ಇನ್ನು ನೋಡಿ. ಮದುವೆ ನಾಳೆ ಸೋಮವಾರವೇ ಆಗ್ಲಿ ಅಂತ ಪಾಸ್‌ಪಾರ್ಟೂನ ಮ್ಯಾರಿಲಬೋನ್‌ನ ಪಾದ್ರಿ ಹತ್ರ ಓಡಿಸ್ತಾರೆ, ಹೋದ್ರೆ ನಾಳೆ ಸೋಮವಾರ ಅಲ್ಲವೇ ಅಲ್ಲ, ಭಾನುವಾರ. ಪೂರ್ವದ ಕಡೆಗೇ ಹೋಗ್ತಾ ಹೋಗ್ತಾ ಪ್ರತಿ ಡಿಗ್ರಿಗೆ ನಾಲ್ಕು ನಿಮಿಷ ಉಳಿದು, 360 ಡಿಗ್ರಿಗೆ ಪೂರಾ 24 ಗಂಟೆ ಕೈಗೆ ಸಿಕ್ಕಿರುತ್ತೆ, ಇವರು ಗಮನಿಸೇ ಇರಲ್ಲ. (ನ್ಯೂಯಾರ್ಕಲ್ಲಿ ಒಂದು ಪೇಪರ್ ನೋಡಿದ್ರೂ ತಾರೀಖು ಗೊತ್ತಾಗ್ತಿತ್ತಲ್ಲ ಅಂತ ಕೇಳಿದ್ರೆ ಅದೂ ಒಳ್ಳೆ ಪ್ರಶ್ನೆ, ವರ್ನ್ ಹತ್ರ ಉತ್ತರ ಇಲ್ಲ, 1873ರಲ್ಲಿ ಪ್ಯಾರಿಸ್ಸಿನ ಭೂಗೋಳ ಸಂಘದಲ್ಲಿ ಈ ದಿನದ ಲೆಕ್ಕದ ಬಗ್ಗೆಯೇ ಭಾಷಣ ಮಾಡ್ದ ಆದ್ರೂ.) ಹುಡುಗಿ ಬಾಯಿ ಬಿಟ್ಟು ಕೇಳದೇ ಹೋಗಿದ್ರೆ ಪಾದ್ರಿ ಮನೆಗೆ ಯಾರೂ ಹೋಗ್ತಿರ್ಲಿಲ್ಲ, ಫಾಗ್ ಗೆದ್ದಿರೋ ಬೆಟ್ಟನ್ನ ಮನೇಲಿ ಕೂತು ಸೋಲ್ತಿದ್ದ. ಆನೆ, ಹಡಗು, ಹಿಮಬಂಡಿ, ನಿಮ್ಮ ಬಲೂನು, ಎಲ್ಲಾ ಸೇರಿದ್ರೂ ಅವನನ್ನ ಕ್ಲಬ್ ಬಾಗಿಲಿಗೆ ತಂದು ನಿಲ್ಲಿಸ್ತಿರ್ಲಿಲ್ಲ.

ಇಷ್ಟನ್ನ ಪೆನ್ಸಿಲ್ ಹುಡುಗಿಗೆ ಹೇಳ್ದೆ. ಸ್ಕ್ರಿಪ್ಟ್ ವಾಪಸ್ ಇಸ್ಕೊಂಡ್ಲು. ಷೋ ದಿನ ಆ ಸಾಲು ಹೇಳಿದಾಗ ಹಾಲಲ್ಲಿ ಯಾರೋ ಶಿಳ್ಳೆ ಹೊಡೆದ್ರು, ಫಾಗ್ ಆಗಿದ್ದ ಹುಡುಗ ನಿಜಕ್ಕೂ ನಾಚ್ಕೊಂಡು ಡೈಲಾಗ್ ಮರ್ತ, ಅವಳೇ ಪಿಸುಗುಟ್ಟಿ ನೆನಪಿಸಿದ್ಲು.

ಅಂದಹಾಗೆ ಬೆಟ್ ಗೆದ್ದ 20,000 ಪೌಂಡಲ್ಲಿ ದಾರಿ ಖರ್ಚೇ 19,000. ಉಳಿದ ಸಾವಿರವನ್ನ ಫಾಗ್ ಪಾಸ್‌ಪಾರ್ಟೂಗೂ ಫಿಕ್ಸ್‌ಗೂ ಹಂಚ್ತಾನೆ, ಆದ್ರೆ ಪಾಸ್‌ಪಾರ್ಟೂ ಹೊರಡೋ ಗಡಿಬಿಡಿಲಿ ರೂಮಲ್ಲಿ ಗ್ಯಾಸ್ ದೀಪ ಆರಿಸದೇ ಹೋಗಿದ್ನಲ್ಲ, ಅದು 1,920 ಗಂಟೆ ಉರಿದ ಬಿಲ್ಲನ್ನ ಅವನ ಪಾಲಿನಿಂದ ಮುರ್ಕೊಳ್ತಾನೆ. ನಮ್ಮ ಮನೆ ಓನರೇ ಪರ್ವಾಗಿಲ್ಲ.

ಮುಂದಿನ ಬೇಸಿಗೆಗೆ ಮತ್ತೆ ಇದೇ ನಾಟಕ. ಹೋದ ಸಲ ಟೈಮ್ ಸಾಲದೆ ಬಿಟ್ಟಿದ್ದ ಸೀನು ಸೇರಿಸ್ತಿದೀನಿ: ಫಾಗ್ ಕ್ಲಬ್ಬಿಗೆ ಗಾಡಿಲಿ ನುಗ್ಗೋದು, ದಾರೀಲಿ ಎರಡು ನಾಯಿ ಗಾಡಿ ಕೆಳಗೆ, ಐದು ಗಾಡಿಗೆ ಡಿಕ್ಕಿ, 8.45ಕ್ಕೆ ಮೂರು ಸೆಕೆಂಡ್ ಇರುವಾಗ ಒಳಗೆ ಬರೋದು. ಆ ಎರಡು ನಾಯಿ ಪಾತ್ರಕ್ಕೆ ಈಗಾಗ್ಲೇ ವಾಟ್ಸಾಪ್ ಗ್ರೂಪಲ್ಲಿ ಜಗಳ ಶುರುವಾಗಿದೆ, ಟಾರ್ಪಾಲ್ ಅಪ್ಪನ ಮಗನೂ ಒಬ್ಬ.