ಮೂರು ತಂತಿ, ಮೂರು ಹೆಸರು

ನವೆಂಬರ್ 14, 2025, ಶುಕ್ರವಾರ ರಾತ್ರಿ
ನ್ಯಾಶ್‌ವಿಲ್

ಆರು ತಿಂಗಳಿಂದ ಜೋಪಾನವಾಗಿ ಬರೆದುಕೊಂಡು ಬಂದ ಪುಟಕ್ಕೆ ಇವತ್ತು ಅಡ್ಡಗೆರೆ ಎಳೆದೆ. ಪೆಡಲ್ ಸ್ಟೀಲ್‌ನ (ಅಡ್ಡ ಮಲಗಿಸಿ, ತಂತಿಯ ಮೇಲೆ ಬಾರ್ ಅನ್ನುವ ಲೋಹದ ತುಂಡು ಜಾರಿಸುತ್ತಾ, ಕಾಲಿನ ಪೆಡಲ್‌ನಿಂದ ತಂತಿಯ ಸ್ವರ ಬದಲಾಯಿಸಿ ನುಡಿಸುವ ಗಿಟಾರ್) ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳ, ಪಟ್ಟಿ ಅದು. ಎಡಗಡೆ ಫ್ರೆಟ್ (ಬಾರ್ ನಿಲ್ಲಿಸುವ ಗೆರೆ), ನಡುವೆ ಪೆಡಲ್, ಬಲಗಡೆ ಕಾರ್ಡಿನ ಹೆಸರು. ಆ ಬಲಗಡೆಯ ಸಾಲನ್ನು ನಂಬಿ ಕೂತಿದ್ದೇ ತಪ್ಪಾಗಿತ್ತು.

ನಿನ್ನೆ ಪಾಠದಲ್ಲಿ ಆದದ್ದು. ಮೇಷ್ಟ್ರು ನೋಟ್‌ಬುಕ್ ನೋಡಿ ಒಂದು ಸಾಲಿನ ಮೇಲೆ ಬೆರಳಿಟ್ಟರು. 3ನೇ ಫ್ರೆಟ್, ಎ ಪೆಡಲ್, 4-5-6ನೇ ತಂತಿ, ಇ ಮೈನರ್. "ನುಡಿಸು, ಹಾಗೇ ಹಿಡಿದುಕೊಂಡಿರು" ಅಂದರು. ಮೂಲೆಯಲ್ಲಿದ್ದ ಬಾಸ್ ಗಿಟಾರ್ ಎತ್ತಿಕೊಂಡು ಕೆಳಗೆ ಇ ಸ್ವರ ಮೀಟಿದರು. ಸರಿ, ಮೈನರ್‌ನ ಆ ಸಂಕಟವೆಲ್ಲ ಇತ್ತು. ಮತ್ತೆ ನುಡಿಸಲು ಹೇಳಿ, ಈ ಸಲ ಜಿ ಮೀಟಿದರು. ಸಂಕಟ ಎಲ್ಲಿ ಹೋಯಿತೋ ಗೊತ್ತಿಲ್ಲ. ಜಿ ಸಿಕ್ಸ್ತ್, ಹಳೆಯ ಕಂಟ್ರಿ ಹಾಡುಗಳ ಕೊನೆಯಲ್ಲಿ ಬರುತ್ತದಲ್ಲ, ಆ ಸಿಹಿ. ಮೂರನೇ ಸಲ ಸಿ. ಮುಚ್ಚಿದ ಕೋಣೆಯಲ್ಲಿ ಯಾರೋ ಕಿಟಕಿ ತೆಗೆದ ಹಾಗಾಯಿತು. ಸಿ ಮೇಜರ್ ಸೆವೆನ್ತ್.

ನನ್ನ ಬಾರ್ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಕಾಲೂ ಅಲ್ಲೇ ಇತ್ತು. "ಈಗ ಹೇಳು, ನೀನು ನುಡಿಸಿದ್ದು ಯಾವ ಕಾರ್ಡ್?" ಅಂದರು. ನನಗೆ ಬಾಯಿ ಬರಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ. ಈಗ ಐದು ಗಂಟೆಗೆಲ್ಲ ಕತ್ತಲಾಗುತ್ತದೆ, ಮನಸ್ಸಿಗೆ ಅದೂ ಒಂದು ಭಾರ.

ಜಾಗಗಳು ನನಗೆ ಗೊತ್ತು, ಅದರಲ್ಲಿ ಅನುಮಾನವಿಲ್ಲ. ಇ ನೈನ್ತ್ ಶ್ರುತಿಯಲ್ಲಿ ಹತ್ತು ತಂತಿ. ಎ ಪೆಡಲ್ ಒತ್ತಿದರೆ 5 ಮತ್ತು 10ನೇ ತಂತಿ ಬಿ ಇಂದ ಸಿ ಶಾರ್ಪ್‌ಗೆ ಏರುತ್ತವೆ. ಬಿ ಪೆಡಲ್ ಒತ್ತಿದರೆ 3 ಮತ್ತು 6ನೇ ತಂತಿ ಜಿ ಶಾರ್ಪ್ ಇಂದ ಎ ಗೆ. ಜಿ ಮೇಜರ್ ಬೇಕು ಅಂದರೆ 3ನೇ ಫ್ರೆಟ್‌ನಲ್ಲಿ ಪೆಡಲ್ ಇಲ್ಲದೆಯೇ ಸಿಗುತ್ತದೆ. 6ರಲ್ಲಿ ಎ ಪೆಡಲ್ ಜೊತೆ ಮೊಣಕಾಲಿನ ಲಿವರ್ ತಳ್ಳಿದರೆ ಸಿಗುತ್ತದೆ. 10ರಲ್ಲಿ ಎ, ಬಿ ಎರಡನ್ನೂ ಒತ್ತಿದರೆ ಸಿಗುತ್ತದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹೆಸರಿನ ವಿಷಯಕ್ಕೆ ಬಂದರೆ ಮಾತ್ರ ಕಾಲ ಕೆಳಗಿನ ನೆಲ ಕುಸಿದ ಹಾಗಾಗಿತ್ತು.

ಈ ಎ ಪೆಡಲ್‌ನ ಮೈನರ್ ಮೊದಲು ಇರಲೇ ಇಲ್ಲ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ 1954ರಲ್ಲಿ ಬಂದ ಹಾಡಿನಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ಸ್ವರ ಇನ್ನೂ ಕೇಳಿಸುತ್ತಿರುವಾಗಲೇ ಪೆಡಲ್ ಒತ್ತಿ ಕಾರ್ಡ್ ಬದಲಾಯಿಸಿದರಲ್ಲ, ಅಲ್ಲಿ ಒಂದೇ ಪೆಡಲ್ ಈಗಿನ ಎ, ಬಿ ಎರಡರ ತಂತಿಗಳನ್ನೂ ಒಟ್ಟಿಗೆ ಎಳೆಯುತ್ತಿತ್ತು. ಆಮೇಲೆ ಇನ್ನೊಬ್ಬ ಸ್ಟೀಲ್ ವಾದಕ ಬಡ್ಡಿ ಎಮನ್ಸ್ ಅದನ್ನು ಎರಡು ಪೆಡಲ್ ಮಾಡಿದರು. ಹಾಗೆ ಬಿಡಿಸಿದ್ದರಿಂದಲೇ ಒಂದನ್ನು ಮಾತ್ರ ಒತ್ತಿ ಅರ್ಧ ದಾರಿಯಲ್ಲಿ ನಿಲ್ಲುವುದು ಸಾಧ್ಯವಾಯಿತು. ಆ ಅರ್ಧ ದಾರಿಯಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದು.

ಇವತ್ತು ಎಂಟು ಗಂಟೆಗೆ ಅಮ್ಮನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಆಗ ಶನಿವಾರ ಬೆಳಿಗ್ಗೆ ಏಳೂವರೆ. ಫೋನನ್ನು ಆಂಪ್ ಮೇಲಿಟ್ಟು ಸ್ಪೀಕರ್ ಹಾಕಿ, ಸುಮ್ನೆ ಆ ಮೂರು ತಂತಿ ಮೀಟಿದೆ. ನಿನ್ನೆಯದೆಲ್ಲ ಹೇಳಿದೆ.

"ಬಾಸ್ ಅಂದ್ರೆ ತಂಬೂರಿ ತರಹಾನಾ?" ಅಂದಳು.

"ಹೂಂ, ಆದ್ರೆ ಅದು ಒಂದೇ ಕಡೆ ನಿಲ್ಲಲ್ಲ ಅಮ್ಮ. ಸಾಲಿಂದ ಸಾಲಿಗೆ ಜಾಗ ಬದಲಾಯಿಸುತ್ತೆ."

"ಹಂಗಿದ್ರೆ ಮೊದಲು ಷಡ್ಜ ಎಲ್ಲಿದೆ ಅಂತ ನೋಡ್ಕೋ. ಷಡ್ಜ ಗೊತ್ತಿಲ್ದೆ ರಾಗದ ಹೆಸರು ಹೇಳೋಕಾಗುತ್ತೇನೋ? ಗ್ರಹಭೇದ ಅಲ್ವಾ ಇದು?"

ಆಮೇಲೆ ಹಾಡಿದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು, ಅದಕ್ಕೆ ಕಾಯಲೂ ಇಲ್ಲ. ಮೋಹನದ ಸ ರಿ ಗ ಪ ದ ಒಂದು ಸಲ. ನಂತರ ರಿಷಭದ ಮೇಲೆ ನಿಂತಳು, ಅದನ್ನೇ ಸ ಅಂದುಕೊಂಡು ಅವೇ ಐದು ಸ್ವರ ಹಾಡಿದಳು. ಮಧ್ಯಮಾವತಿ! ಗಾಂಧಾರದಿಂದ ಶುರು ಮಾಡಿದಳು, ಹಿಂದೋಳ. ಗಂಟಲು ಸ್ವಲ್ಪ ಒಡೆದಿತ್ತು, ಶ್ರುತಿ ಒಡೆದಿರಲಿಲ್ಲ.

ನಾನು ಪೆನ್ ತೆಗೆದು ಬರೆದೆ. ನನ್ನ ಮೂರು ತಂತಿಯಲ್ಲಿರುವುದು ಜಿ, ಇ, ಬಿ. ಕೆಳಗೆ ಇ ಇದ್ದರೆ ಅವು, ಸ್ವರದ ಏರಿಕೆಯ ಕ್ರಮದಲ್ಲಿ ಬರೆದರೆ, ಷಡ್ಜ, ಸಾಧಾರಣ ಗಾಂಧಾರ, ಪಂಚಮ. ಜಿ ಇದ್ದರೆ ಷಡ್ಜ, ಅಂತರ ಗಾಂಧಾರ, ಚತುಶ್ರುತಿ ಧೈವತ. ಸಿ ಇದ್ದರೆ ಷಡ್ಜ ನನ್ನ ಕೈಯಲ್ಲೇ ಇಲ್ಲ, ಅದು ಬಾಸ್‌ನವನ ಹತ್ತಿರ ಇದೆ. ನನ್ನ ಬಳಿ ಇರುವುದು ಗಾಂಧಾರ, ಪಂಚಮ, ಕಾಕಲಿ ನಿಷಾದ. ಕಿಟಕಿ ತೆಗೆದ ಹಾಗೆ ಅನಿಸಿದ್ದು ಅದಕ್ಕೇ ಇರಬೇಕು.

ಹೊಸ ಪುಟದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, "ಕೆಳಗೆ ಏನಿದೆ" ಅಂತ ಒಂದು ಸಾಲು ಸೇರಿಸಿದ್ದೇನೆ.

ವೀಣೆ ತೆಗೆದೆಯಾ ಅಂತ ಕೇಳಿದೆ ಕೊನೆಗೆ. ಕೇಳಬಾರದಿತ್ತು. "ಬೆರಳು ಮಡಚೋಕಾಗಲ್ಲ ಕಣೋ ಈಗ. ತಂತಿನೂ ತುಕ್ಕು ಹಿಡಿದಿರಬೇಕು" ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ, "ಇನ್ನೊಂದು ಸಲ ನುಡಿಸು ಅದನ್ನ, ಜಾರೋದು ಚೆನ್ನಾಗಿದೆ, ಗೋಟುವಾದ್ಯದ ಹಂಗೆ" ಅಂದಳು. ನುಡಿಸಿದೆ. ಬಾರ್ ತಣ್ಣಗಿತ್ತು, ಕೈಯೂ ನಡುಗುತ್ತಿತ್ತು. 3ನೇ ಗೆರೆಯ ಮೇಲೆ ಸರಿಯಾಗಿ ನಿಲ್ಲಿಸಲು ಆಗಲಿಲ್ಲ. ಅವಳಿಗೆ ಗೊತ್ತಾಗಿರುತ್ತದೆ, ಏನೂ ಅನ್ನಲಿಲ್ಲ.

ಡಿಸೆಂಬರ್‌ನಲ್ಲಿ ಹೋಗಿ ಬರಬೇಕು. ಟಿಕೆಟ್ ನೋಡಬೇಕು.

ಹನ್ನೊಂದೂವರೆ ಆಯಿತು, ಎಲ್ಲರೂ ಮಲಗಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಪಟ್ಟಿಯ ಕೆಳಗಿನ ಸಾಲಿಗೆ ಬಂದೆ. ಬಾರ್ ಇಲ್ಲದೆ ಖಾಲಿ ತಂತಿ, ಪೆಡಲ್ ಇಲ್ಲ, ಎಡಮೊಣಕಾಲಿನಿಂದ ಇ ಯನ್ನು ಎಫ್‌ಗೆ ಏರಿಸುವ ಲಿವರ್ ಮಾತ್ರ. 5, 6, 8, 9ನೇ ತಂತಿ. ಬಿ, ಜಿ ಶಾರ್ಪ್, ಎಫ್, ಡಿ. ಡಿಮಿನಿಶ್ಡ್ ಅನ್ನುವ ಕಾರ್ಡ್. ಬಾರ್ ಇಟ್ಟು 3ನೇ ಫ್ರೆಟ್‌ಗೆ ಹೋದರೂ ಅವೇ ನಾಲ್ಕು ಸ್ವರ, ತಂತಿ ಮಾತ್ರ ಅದಲು ಬದಲು. 6ರಲ್ಲೂ ಅವೇ. 9ರಲ್ಲೂ. ಯಾವುದರಿಂದ ಯಾವುದಕ್ಕೆ ಹೋದರೂ ಮಧ್ಯದ ದೂರ ಒಂದೇ. ಇದರಲ್ಲಿ ಷಡ್ಜ ಯಾವುದು ಅಂತ ಅಮ್ಮನನ್ನು ಕೇಳಿದರೆ…