ಶಿರಸಿಯಿಂದ ಒಂದು ದಿನ: ಸಿದ್ದಿ ಕೌದಿ ನೋಡಲು ಹೋಗುವವರಿಗೆ

ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹಳೇ ಬಟ್ಟೆಗಳಿಂದ ಹೊಲಿಯುವ ಕೌದಿಗಳು, ಅಂದರೆ ಹೊದಿಕೆಗಳು, ಅಮೆರಿಕದ ಮ್ಯೂಸಿಯಂಗಳಲ್ಲಿ ಪ್ರದರ್ಶನಗೊಂಡಿವೆ. ಶಿರಸಿಯವರಾದ ನಮಗೆ ಅವು ಬಸ್ಸಿನ ದೂರದಲ್ಲೇ ಇವೆ. ಆದರೂ ನಾನು ನೋಡಿದ್ದು ಈ ವರ್ಷ!

ಯಲ್ಲಾಪುರದ ಬಸ್ಸು ಹತ್ತಿದರೆ ಮಂಚಿಕೇರಿ ದಾರಿಯಲ್ಲೇ ಸಿಗುತ್ತದೆ. ಅಲ್ಲಿಂದ ಸಿದ್ದಿ ಕೇರಿಗಳಿಗೆ ಆಟೋ ಮಾಡಿಕೊಳ್ಳಿ. ಕಾರವಾರದವರು ಅಂಕೋಲಾಕ್ಕೆ ಬಂದು, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಬರಬೇಕು. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಊರುಗಳಲ್ಲೂ ಕೌದಿ ಹೊಲಿಯುತ್ತಾರೆ. ಮಳೆಗಾಲ ಬೇಡ, ಒಳದಾರಿಗಳು ಕೆಸರು. ಪರಿಚಯದವರ ಮೂಲಕ ಮೊದಲೇ ತಿಳಿಸಿ, ಮಧ್ಯಾಹ್ನದ ಮೇಲೆ ಹೋಗಿ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ.

ನಾವು ಹೋದ ಮನೆಯ ಅಕ್ಕ ಜಗಲಿಯ ಮೇಲೆ ಹಳೇ ಸೀರೆ ಹಾಸಿ ಕೂತಿದ್ದರು. ಚೌಕಟ್ಟು ಇಲ್ಲ, ಗುರುತು ಹಾಕಿದ ಗೆರೆಯೂ ಇಲ್ಲ. ಹೊಲಿಗೆ ಅಂಚಿನಿಂದ ಶುರುವಾಗುತ್ತದೆ. ತುಂಡು ಬಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಒಳಗೆ ಮಡಚಿ, ದಪ್ಪ ಬಿಳಿ ದಾರದಲ್ಲಿ ಹೊಲಿಯುತ್ತಾ ಸುತ್ತು ಬರುತ್ತಾರೆ. ಸುತ್ತು ಸುತ್ತಿ, ಕೊನೆಗೆ ನಡುವಿಗೆ ತಲುಪುತ್ತಾರೆ. ಮೂಲೆಗಳಿಗೆ ಮಡಚಿದ ತ್ರಿಕೋನದ ಬಟ್ಟೆಗಳು. ಅದಕ್ಕೆ ಅವರು ಫುಲ ಅನ್ನುತ್ತಾರೆ, ಅಂದರೆ ಹೂವು. ಹೂವಿಲ್ಲದ ಕೌದಿ ಬತ್ತಲೆ ಇದ್ದಂತೆ, ಅಂತಾರೆ. ನಾನು ಮುಟ್ಟಿ ನೋಡಿದೆ. ಒಂದರ ಮೇಲೊಂದು ಬಟ್ಟೆ ಕೂತು ಮೂಲೆ ಗಟ್ಟಿಯಾಗಿತ್ತು.

ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ವಂಶದವರೇ ಇಲ್ಲಿನ ಸಿದ್ದಿಗಳು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇಷ್ಟು ತಿಳಿದುಕೊಂಡು ಹೋಗಿ. ಮುಖ, ಕೂದಲು ನೋಡಿ ಸುಮ್ನೆ ಫೋಟೋ ಹೊಡೆಯಬೇಡಿ. ಅದು ಅವರಿಗೆ ತುಂಬಾ ನೋವು ಕೊಡುತ್ತದೆ. ಕೇಳಿದರೆ ಕೈ ಮತ್ತು ಕೌದಿಯ ಫೋಟೋಗೆ ಖುಷಿಯಿಂದಲೇ ಒಪ್ಪುತ್ತಾರೆ.

ದಯವಿಟ್ಟು ಚೌಕಾಸಿ ಮಾಡಬೇಡಿ. ಹಿಂದೊಮ್ಮೆ ಒಂದು ಅಂಗಡಿಯಲ್ಲಿ ಸಿದ್ದಿ ಕೌದಿ ಅಂತ ತಂದದ್ದು ಮಿಷನ್ ಹೊಲಿಗೆಯದು, ಎರಡೇ ಒಗೆತಕ್ಕೆ ಬಿಚ್ಚಿತು. ಕೈಹೊಲಿಗೆಗೆ ವಾರಗಟ್ಟಲೆ ಬೇಕು, ಅದರ ಬೆಲೆ ಜಾಸ್ತಿ ಅಲ್ಲವೇ ಅಲ್ಲ. ಮನೆಯಲ್ಲಿ ಹಳೇ ಹತ್ತಿ ಸೀರೆ ಇದ್ದರೆ ಒಯ್ಯಿರಿ. ಪಾಲಿಯೆಸ್ಟರ್ ಬೇಡ.

ನಾನು ಅಜ್ಜಿಯ ಮೂರು ಸೀರೆ ಕೊಟ್ಟು ಬಂದೆ. ಅಕ್ಕ ಮೂರನ್ನೂ ಮಡಿಲಲ್ಲಿ ಹರವಿಕೊಂಡು, "ನಡುವಿಗೆ ಯಾವುದು ಹಾಕಲಿ?" ಅಂತ ಕೇಳಿದರು. ಹಸಿರು ಚೌಕಳಿಯದು ಅಂದೆ. ಶಿವರಾತ್ರಿ ಕಳೆದು ತರಲು ಹೋಗಬೇಕು.