ಹಾರುವ ಪೊರಕೆ ಅಗ್ಗ, ಗೋಂದು ದುಬಾರಿ

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡುವ ಕಥೆಯಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಎಡಿಷನ್‌ನಲ್ಲಿ ನಿನಗೆ ಹಿಡಿಸದ ನಿಯಮ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತಲೆ ಕೆರೆದುಕೊಳ್ಳುವುದಿಲ್ಲ. ಮ್ಯಾಜಿಕ್ ಐಟಂಗಳ ರೇರಿಟಿ, ಅಂದರೆ ಮಾಂತ್ರಿಕ ವಸ್ತು ಎಷ್ಟು ಅಪರೂಪ ಅನ್ನುವ ದರ್ಜೆ. ಆಟ ಒಳ್ಳೆಯದೇ, ವಾರಾಂತ್ಯ ಬಂತೆಂದರೆ ಡಿಎಂ (ಡಂಜನ್ ಮಾಸ್ಟರ್, ಆಟದ ಕಥೆ ನಡೆಸುವವನು) ಕುರ್ಚಿಯಲ್ಲಿ ಕೂರುವುದು ನನಗೆ ಇವತ್ತಿಗೂ ಖುಷಿ, ಆದರೆ ಈ ಒಂದು ವಿಷಯದಲ್ಲಿ ಪುಸ್ತಕ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ ಅಂತ ಹೊಸ ಡಿಎಂಗಳಿಗೆ ಹೇಳುತ್ತಲೇ ಇರುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಹೆಚ್ಚುಕಮ್ಮಿ ಪ್ರತಿ ಮಾಂತ್ರಿಕ ವಸ್ತುವಿಗೂ ಒಂದು ಹಣೆಪಟ್ಟಿ ಇದೆ. ಕಾಮನ್, ಅನ್‌ಕಾಮನ್, ರೇರ್, ವೆರಿ ರೇರ್, ಲೆಜೆಂಡರಿ, ಎಲ್ಲಕ್ಕಿಂತ ಮೇಲೆ ಆರ್ಟಿಫ್ಯಾಕ್ಟ್. ರೇರ್ ವಸ್ತುವನ್ನು ಪಾತ್ರ 5ನೇ ಲೆವೆಲ್ ಮುಟ್ಟಿದಾಗಿನಿಂದ, ವೆರಿ ರೇರ್ 11ರಿಂದ, ಲೆಜೆಂಡರಿ 17ರಿಂದ ಕೊಡಿ ಅನ್ನುತ್ತದೆ ಪುಸ್ತಕ. ಬೆಲೆಯೂ ಇದರ ಮೇಲೆಯೇ ನಿಂತಿದೆ. ಅನ್‌ಕಾಮನ್ ಅಂದರೆ 101ರಿಂದ 500 ಚಿನ್ನದ ನಾಣ್ಯ, ವೆರಿ ರೇರ್ ಅಂದರೆ 5,001ರಿಂದ 50,000. ಅಂದರೆ ವಸ್ತು ಎಷ್ಟು ಅಪರೂಪ, ಎಷ್ಟು ಬಲಶಾಲಿ, ಎಷ್ಟು ದುಬಾರಿ ಅನ್ನುವ ಮೂರು ಬೇರೆ ಬೇರೆ ಪ್ರಶ್ನೆಗೆ ಒಂದೇ ಪದದ ಉತ್ತರ. ಎಡವಟ್ಟು ಶುರುವಾಗುವುದೇ ಇಲ್ಲಿ.

ಹಾರುವುದನ್ನೇ ತಗೊಳ್ಳಿ. ಈ 2014ರ ಪುಸ್ತಕದಲ್ಲಿ ಹಾರುವ ಪೊರಕೆ ಅನ್‌ಕಾಮನ್. ಅಟ್ಯೂನ್‌ಮೆಂಟ್ (ವಸ್ತುವಿನ ಜೊತೆ ಪಾತ್ರ ಬೆಸೆದುಕೊಳ್ಳುವುದು, ಒಬ್ಬರಿಗೆ ಮೂರು ವಸ್ತು ಮಾತ್ರ) ಕೂಡ ಬೇಡ. ಪೊರಕೆ ಕೈಗೆ ಸಿಕ್ಕಿದ ದಿನದಿಂದ ಆ ಪಾತ್ರ ಗಾಳಿಯಲ್ಲೇ ಇರುತ್ತದೆ, ಕೆಳಗಿರುವ ತೋಳ, ಕಂದಕ, ಕೋಟೆ ಗೋಡೆ, ನೀವು ರಾತ್ರಿಯೆಲ್ಲ ಕೂತು ಬರೆದ ಬಲೆ, ಯಾವುದಕ್ಕೂ ಕಿಮ್ಮತ್ತಿಲ್ಲ. ಅದೇ ಪುಸ್ತಕದಲ್ಲಿ ಕುಡಿದರೆ ಒಂದೇ ಒಂದು ಗಂಟೆ ಹಾರಿಸುವ ಪೋಷನ್ ಇದೆಯಲ್ಲ, ಅದು ವೆರಿ ರೇರ್! ಒಂದು ಸಲ ಬಳಸಿ ಮುಗಿಯುವ ವಸ್ತುವಿಗೆ ಅರ್ಧ ಬೆಲೆ ಅನ್ನುವ ನಿಯಮ ಹಾಕಿದರೂ ಆ ಪೋಷನ್ 2,500 ನಾಣ್ಯಕ್ಕಿಂತ ಕೆಳಗಿಳಿಯುವುದಿಲ್ಲ. ಆ ದುಡ್ಡಲ್ಲಿ ಐದು ಪೊರಕೆ ಬರುತ್ತವೆ, ಆಟಗಾರರ ಇಡೀ ತಂಡವೇ ಹಾರಬಹುದು.

ಇನ್ನು ಸಾವರಿನ್ ಗ್ಲೂ. ಗೋಂದು ಸ್ವಾಮಿ, ಗೋಂದು. ಅಂಟಿಸಿದರೆ ಬಿಡುವುದಿಲ್ಲ, ನಿಜ, ಆದರೆ ಅಂಟಲು ಒಂದು ನಿಮಿಷ ಬೇಕು, ಆಟದ ಯುದ್ಧದಲ್ಲಿ ಒಂದು ನಿಮಿಷ ಅಂದರೆ ಹತ್ತು ರೌಂಡ್ (ಎಲ್ಲರಿಗೂ ಹತ್ತು ಸರದಿ), ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದು ಲೆಜೆಂಡರಿ. ಅದೇ ಪುಸ್ತಕದ ತಯಾರಿಕೆ ನಿಯಮದಲ್ಲಿ ಲೆಜೆಂಡರಿ ವಸ್ತುವಿಗೆ 5,00,000 ನಾಣ್ಯ ಖರ್ಚು, ದಿನಕ್ಕೆ 25 ನಾಣ್ಯದಷ್ಟು ಕೆಲಸ. ಒಬ್ಬನೇ ಕೂತರೆ 20,000 ದಿನ, ಹತ್ತಿರ ಹತ್ತಿರ 55 ವರ್ಷ. ನೂರಾರು ವರ್ಷ ಬದುಕುವ ಎಲ್ಫ್‌ಗೆ ಓಕೆ, ಮನುಷ್ಯ ಮಾಂತ್ರಿಕನ ಆಯಸ್ಸೇ ಮುಗಿಯುತ್ತದೆ ಅಲ್ವಾ? 2017ರ ಜನಾಥರ್ಸ್ ಗೈಡ್ ಅನ್ನುವ ಪೂರಕ ಪುಸ್ತಕದಲ್ಲಿ ಇದನ್ನು 50 ವಾರಕ್ಕೆ ಇಳಿಸಿದರು, ಪುಣ್ಯ.

ಇವೆಲ್ಲ ನಗೋದಕ್ಕೆ ಚೆನ್ನಾಗಿವೆ. ನನ್ನ ತಲೆ ನಿಜಕ್ಕೂ ತಿನ್ನುವುದು ಪ್ಲಸ್ ಒಂದರ ಲೆಕ್ಕ.

+1 ಕತ್ತಿ (ಏಟಿಗೂ ಡ್ಯಾಮೇಜಿಗೂ ಒಂದು ಜಾಸ್ತಿ) ಅನ್‌ಕಾಮನ್, +1 ಆರ್ಮರ್ (ರಕ್ಷಣೆಗೆ ಒಂದು ಜಾಸ್ತಿ) ರೇರ್. ಯಾಕೆ ಒಂದು ಮೆಟ್ಟಿಲು ವ್ಯತ್ಯಾಸ ಅಂತ ತುಂಬಾ ಜನ ಕೇಳುತ್ತಾರೆ. ಇದರಲ್ಲಿ ಮಾತ್ರ ಪುಸ್ತಕ ಸರಿ ಅನ್ನುತ್ತೇನೆ. 20 ಮುಖದ ಡೈಸ್‌ನಲ್ಲಿ ಬಂದ ಅಂಕಿಗೆ ಅಟ್ಯಾಕ್ ಬೋನಸ್ ಸೇರಿಸಿದಾಗ ಎದುರಾಳಿಯ ಎಸಿ (ಆರ್ಮರ್ ಕ್ಲಾಸ್, ರಕ್ಷಣೆಯ ಅಂಕ) ಮುಟ್ಟಿದರೆ ಏಟು ಬೀಳುತ್ತದೆ. ಗಾಬ್ಲಿನ್ ಅನ್ನುವ ಸಣ್ಣ ಶತ್ರುವಿನ ಅಟ್ಯಾಕ್ ಬೋನಸ್ +4. ನಿಮ್ಮ ಎಸಿ 15 ಇದ್ದರೆ ಡೈಸ್‌ನ 20 ಮುಖಗಳಲ್ಲಿ 10ಕ್ಕೆ ಏಟು ಬೀಳುತ್ತದೆ, 16 ಆದರೆ 9ಕ್ಕೆ. ದೊಡ್ಡ ವಿಷಯವೇನಲ್ಲ. ಪ್ಲೇಟ್ ಆರ್ಮರ್, ಶೀಲ್ಡ್ ಎರಡೂ ಹಾಕಿದವನ ಎಸಿ 20, ಅವನಿಗೆ 5 ಮುಖ. ಅವನಿಗೇ ಇನ್ನೊಂದು ಪ್ಲಸ್ ಒಂದು ಕೊಡಿ, 4 ಮುಖ ಆಯಿತು. ಮೊದಲನೆಯವನಿಗೆ ಬೀಳುವ ಏಟಿನಲ್ಲಿ ಹತ್ತರಲ್ಲಿ ಒಂದು ಭಾಗ ಕಮ್ಮಿಯಾದರೆ, ಇವನಿಗೆ ಐದರಲ್ಲಿ ಒಂದು ಭಾಗ. ಎಸಿ ಮೇಲೆ ಹೋದಷ್ಟೂ ಪ್ರತಿ ಪ್ಲಸ್ ಒಂದರ ತೂಕ ಜಾಸ್ತಿ. ಕತ್ತಿ ಹಾಗಲ್ಲ, 20ರಲ್ಲಿ 13 ಸಲ ತಗಲುತ್ತಿದ್ದದ್ದು 14 ಸಲ ತಗಲುತ್ತದೆ, ಡ್ಯಾಮೇಜ್ ಒಂದು ಜಾಸ್ತಿ, ಅಷ್ಟೇ. ಹಾಗಾಗಿ ಆರ್ಮರ್ ಅಪರೂಪ ಇರಲಿ ಅನ್ನುವುದರಲ್ಲಿ ಅರ್ಥವಿದೆ.

ಸರಿ, ಒಪ್ಪಿದೆವು. ಈಗ ಪುಟ ತಿರುಗಿಸಿ. +1 ಶೀಲ್ಡ್ ಅನ್‌ಕಾಮನ್! ಅದೂ ಎಸಿಗೇ ಪ್ಲಸ್ ಒಂದು. ಶೀಲ್ಡ್ ಒಂದು ಕೈ ತಿನ್ನುತ್ತದೆ ಅಂತ ವಾದ ಮಾಡಬಹುದು, ಆದರೆ ಮೇಲೆ ಹೇಳಿದ ಎಸಿ 20ರವನು ಹೇಗಿದ್ದರೂ ಶೀಲ್ಡ್ ಹಿಡಿದೇ ನಿಂತಿದ್ದಾನೆ, ಅವನಿಗೆ ಇದು ಸುಮ್ನೆ ಸಿಕ್ಕ ಹಾಗೆ. ಕ್ಲೋಕ್ ಆಫ್ ಪ್ರೊಟೆಕ್ಷನ್ ಅನ್ನುವ ಮೇಲಂಗಿ, ರಿಂಗ್ ಆಫ್ ಪ್ರೊಟೆಕ್ಷನ್ ಅನ್ನುವ ಉಂಗುರದ ಕಥೆ ಇನ್ನೂ ಚೆಂದ. ಎರಡೂ ಎಸಿಗೆ ಒಂದು, ಸೇವಿಂಗ್ ಥ್ರೋಗಳಿಗೆ (ಮಂತ್ರ, ಬಲೆಗಳಿಂದ ತಪ್ಪಿಸಿಕೊಳ್ಳಲು ಉರುಳಿಸುವ ಡೈಸ್) ಒಂದು ಕೊಡುತ್ತವೆ. ಎರಡಕ್ಕೂ ಅಟ್ಯೂನ್‌ಮೆಂಟ್ ಬೇಕು. ಅಕ್ಷರಶಃ ಅದೇ ಲಾಭ. ಕ್ಲೋಕ್ ಅನ್‌ಕಾಮನ್, ಉಂಗುರ ರೇರ್. 2024ರ ಹೊಸ ಗೈಡ್‌ನಲ್ಲಿ ಅನ್‌ಕಾಮನ್‌ಗೆ 400, ರೇರ್‌ಗೆ 4,000 ಅಂತ ಗಟ್ಟಿ ಬೆಲೆ ಬರೆದಿದ್ದಾರೆ, ಆದರೆ ಇವೆರಡರ ಹಣೆಪಟ್ಟಿ ಬದಲಾಗಲಿಲ್ಲ. ಹತ್ತು ಪಟ್ಟು ಕೊಟ್ಟು ಉಂಗುರ ಯಾರು ತಗೊಳ್ತಾರೆ, ಮದುವೆ ಗಂಡೇ?

ಹಿಂದೆ ಹೀಗಿರಲಿಲ್ಲ. 2000ದ ಮೂರನೇ ಎಡಿಷನ್‌ನಲ್ಲಿ ಪ್ರತಿ ವಸ್ತುವಿಗೂ ಅದರದ್ದೇ ಬೆಲೆ ಇತ್ತು, ಆಯುಧದ ಬೋನಸ್‌ನ ವರ್ಗವನ್ನು (ಸ್ಕ್ವೇರ್) 2,000ದಿಂದ ಗುಣಿಸು ಅನ್ನುವಂಥ ಸೂತ್ರಗಳು, +1ಕ್ಕೆ 2,000, +2ಕ್ಕೆ 8,000, +3ಕ್ಕೆ 18,000. ಲೆಕ್ಕ ಜಾಸ್ತಿ, ಆಟಗಾರರು ಅಂಗಡಿ ಕ್ಯಾಟಲಾಗ್ ಓದುವವರ ಥರ ಆಗುತ್ತಿದ್ದರು, ಅದೂ ಒಂದು ತಲೆನೋವೇ. ಆದರೆ ಪೊರಕೆಗೆ ಎಷ್ಟು ಅಂತ ಡಿಎಂ ಕಂಗಾಲಾಗಬೇಕಿರಲಿಲ್ಲ. ಇದೇ ಥರದ ಇನ್ನೊಂದು ಆಟ, 2019ರ ಪಾಥ್‌ಫೈಂಡರ್ ಎರಡನೇ ಎಡಿಷನ್, ನನ್ನ ಪ್ರಕಾರ ಇದನ್ನು ಸರಿಯಾಗಿ ಬಿಡಿಸಿದೆ. ಅಲ್ಲಿ ಪ್ರತಿ ವಸ್ತುವಿಗೆ ಲೆವೆಲ್ ಇದೆ, ಅದು ಬಲ ಹೇಳುತ್ತದೆ. ಬೆಲೆ ಬೇರೆ ಇದೆ. ರೇರಿಟಿಯೂ ಇದೆ, ಆದರೆ ಅದು ಹೇಳುವುದು ಎಷ್ಟು ಸುಲಭವಾಗಿ ಸಿಗುತ್ತದೆ ಅನ್ನುವುದನ್ನು ಮಾತ್ರ. ಬಲ ಕಮ್ಮಿ ಇದ್ದೂ ರೇರ್ ಆಗಿರುವ ವಸ್ತು ಅಲ್ಲಿ ಇರಬಹುದು, ಯಾರಿಗೂ ಗೊಂದಲವಿಲ್ಲ.

ನಾನೇನು ಮಾಡುತ್ತೇನೆ ಅಂದರೆ, ಹಣೆಪಟ್ಟಿ ಓದುವುದನ್ನೇ ಬಿಟ್ಟಿದ್ದೇನೆ. ವಸ್ತು ಕೊಡುವ ಮುಂಚೆ ನೋಡುವುದು ಇಷ್ಟೇ: ಇದು ಹಾರಿಸುತ್ತದಾ ಅಥವಾ ಗೋಡೆ ದಾಟಿಸುತ್ತದಾ, ಎಸಿ ಏರಿಸುತ್ತದಾ, ಅಟ್ಯೂನ್‌ಮೆಂಟ್‌ನ ಮೂರು ಜಾಗಗಳಲ್ಲಿ ಒಂದನ್ನು ತಿನ್ನುತ್ತದಾ, ಮತ್ತು ಮುಖ್ಯವಾಗಿ ಯಾರ ಕೈಗೆ ಹೋಗುತ್ತದೆ. ಗಾಂಟ್ಲೆಟ್ಸ್ ಆಫ್ ಓಗರ್ ಪವರ್ ಅನ್ನುವ ಕೈಗವಸು ಪಾತ್ರದ ಸ್ಟ್ರೆಂತ್ ಅಂಕವನ್ನು 19 ಮಾಡುತ್ತದೆ. ಆಗಲೇ 18 ಇರುವ ಫೈಟರ್‌ಗೆ (ಯೋಧ) ಅದರಿಂದ ಮಾಡಿಫೈಯರ್ (ಡೈಸಿಗೆ ಸೇರಿಸುವ ಅಂಕ) ಕೂಡ ಏರುವುದಿಲ್ಲ, ದಂಡ. 8 ಇರುವ ಕ್ಲೆರಿಕ್‌ಗೆ (ಪೂಜಾರಿ ಪಾತ್ರ) ಕೊಟ್ಟು ನೋಡಿ, -1ರಿಂದ +4ಕ್ಕೆ ಹಾರುತ್ತಾಳೆ.

ಪೊರಕೆಯನ್ನು ನಮ್ಮ ಟೇಬಲ್‌ನಲ್ಲಿ 9ನೇ ಲೆವೆಲ್‌ಗಿಂತ ಮುಂಚೆ ಕೊಡುವುದಿಲ್ಲ, ಅಟ್ಯೂನ್‌ಮೆಂಟ್ ಕಡ್ಡಾಯ. ಉಂಗುರಕ್ಕೂ ಕ್ಲೋಕ್‌ಗೂ ಒಂದೇ ಬೆಲೆ. ಗೋಂದು 3ನೇ ಲೆವೆಲ್‌ನಲ್ಲೇ ಕೊಟ್ಟುಬಿಡುತ್ತೇನೆ. ಹೋದ ಕ್ಯಾಂಪೇನ್‌ನಲ್ಲಿ (ಕಂತು ಕಂತಾಗಿ ಆಡುವ ಒಂದು ಕಥೆ) ನಮ್ಮ ರೋಗ್ (ಕಳ್ಳಿಯ ಪಾತ್ರ) ಅದರಿಂದ ಖಳನಾಯಕನ ಮನೆಯ ಬಾಗಿಲುಗಳನ್ನೆಲ್ಲ ಹೊರಗಿನಿಂದ ಅಂಟಿಸಿ ಬಂದಳು, ಒಳಗೆ ಹೇಗೆ ಹೋಗುವುದು ಅಂತ ಮಾತ್ರ ಯಾರೂ ಯೋಚಿಸಿರಲಿಲ್ಲ.